ಶಕ್ತಿಮಾನ್, ಗುಡ್ಡದ ಭೂತ ಮತ್ತು ನಮ್ಮ ಮಕ್ಕಳು

ಕೆಲವು ವಾರಗಳ ಹಿಂದೆ, ಭಾನುವಾರದ ಬಲಿಪೂಜೆ ಮುಗಿದ ಬಳಿಕ, ತಾಯಿಯೊಬ್ಬರು ಗುರುನಿವಾಸದ ಜಗಲಿಗೆ ಬಂದು, "ಸ್ವಾಮಿ, ಒಂದ್ ಸಾರಿ ಬಂದು ನಮ್ಮ ಮನೆ ಮಂತ್ರಿಸಿಕೊಡಬೇಕು" ಎಂದರು. ಹೊಸ ಮನೆಯೇನೂ ಅಲ್ಲ; ಹಿಂದೆ ನಾನೇ ಮಂತ್ರಿಸಿದ ಮನೆ. ಕಾರಣ ವಿಚಾರಿಸಲಾಗಿ, ಹನ್ನೆರಡು ವರ್ಷದ ಮಗ ರಾತ್ರಿ ಹಿತ್ತಿಲಿಗೆ ಒಬ್ಬನೇ ಹೋಗಲೊಲ್ಲನೆಂದೂ, ನಿದ್ರೆಯಲ್ಲಿ ಬೆಚ್ಚಿ ಕೂಗುತ್ತಾನೆಂದೂ, ಯಾವುದೋ ಗಾಳಿ ಸೋಂಕಿರಬೇಕು, ತಾಯಿತ ಕಟ್ಟಿಸಿ ಎಂದು ನೆರೆಯವರು ಹೇಳುತ್ತಿದ್ದಾರೆಂದೂ ತಿಳಿಯಿತು. ಆ ಸಂಜೆಯೇ ತೀರ್ಥದೊಡನೆ ಹೋದೆ. ಪ್ರಾರ್ಥನೆ ಮುಗಿಸಿ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾತನಾಡಿಸಿದಾಗ, ಸೋಂಕಿದ ಗಾಳಿ ಯಾವುದೆಂಬುದು ಹೊರಬಿತ್ತು. ಅಪ್ಪನ ಮೊಬೈಲ್ ಫೋನನ್ನು ಹೊದಿಕೆಯೊಳಗೆ ಇಟ್ಟುಕೊಂಡು, ನಡುರಾತ್ರಿಯವರೆಗೆ ದೆವ್ವದ ಧಾರಾವಾಹಿಗಳನ್ನು ಒಂದರ ಹಿಂದೆ ಒಂದರಂತೆ ಅವನು ನೋಡುತ್ತಿದ್ದ. ಒಂದೇ ರಾತ್ರಿಯಲ್ಲಿ ಆರು ಕಂತು!

ತಾಯಿ ಕೂಡಲೇ ಫೋನನ್ನು ಕಿತ್ತುಕೊಳ್ಳಲು ಎದ್ದರು. ಸ್ವಲ್ಪ ತಾಳಿ ಅಮ್ಮ ಎಂದೆ. ಕಿತ್ತುಕೊಳ್ಳುವ ಕೆಲಸವನ್ನು ಹಿಂದೊಮ್ಮೆ ನಾನೂ ಮಾಡಿ ಸೋತವನು. ಅದನ್ನು ಮುಂದೆ ಹೇಳುತ್ತೇನೆ.

ಅದಕ್ಕೆ ಮೊದಲು ನನ್ನದೊಂದು ಹಳೆಯ ಮರುಳನ್ನು ಒಪ್ಪಿಕೊಳ್ಳುವುದು ನ್ಯಾಯ. 1990ರ ಸುಮಾರಿಗೆ ಬೆಂಗಳೂರು ದೂರದರ್ಶನವು ಸದಾನಂದ ಸುವರ್ಣರ ನಿರ್ದೇಶನದ ‘ಗುಡ್ಡದ ಭೂತ’ವನ್ನು ಪ್ರಸಾರ ಮಾಡಿದಾಗ ನಾನಿನ್ನೂ ಗುರುಮಠ ಸೇರಿರಲಿಲ್ಲ. ಹದಿಮೂರು ಕಂತುಗಳ ಧಾರಾವಾಹಿ. ಇಂದು ದೇಶವೆಲ್ಲ ಬಲ್ಲ ನಟ ಪ್ರಕಾಶ್ ರೈ ಆಗ ನಮಗಾರಿಗೂ ಪರಿಚಯವಿಲ್ಲದ ತರುಣ. ನಮ್ಮ ಬೀದಿಗೆಲ್ಲ ಇದ್ದುದು ಒಂದೇ ಕಪ್ಪುಬಿಳುಪು ಪೆಟ್ಟಿಗೆ. ಅದರ ಮುಂದೆ ಚಾಪೆಯ ಮೇಲೆ ಕ್ರೈಸ್ತರು, ಒಕ್ಕಲಿಗರು, ಸಾಬರ ಮನೆಯ ಮಕ್ಕಳು ಎಲ್ಲರೂ ಒತ್ತಿಕೊಂಡು ಕೂರುತ್ತಿದ್ದೆವು. ಕರಾವಳಿಯ ಆ ಗುಡ್ಡ, ಆ ಹಾಡು, ಜನರ ಕಣ್ಣಿನ ಭಯ ಇವೆಲ್ಲವೂ ಇಂದಿಗೂ ನೆನಪಿವೆ. ಆದರೆ ಅದಕ್ಕಿಂತ ಹೆಚ್ಚಾಗಿ ನೆನಪಿರುವುದು ಕಂತು ಮುಗಿದ ಮೇಲಿನ ಏಳು ದಿನಗಳು. ಗುಡ್ಡದ ಮೇಲಿರುವುದು ಭೂತವೋ, ಮನುಷ್ಯನ ಕೈವಾಡವೋ ಎಂಬ ವಾದ ಬಾವಿಕಟ್ಟೆಯಲ್ಲಿ ಆರಂಭವಾಗಿ ಸಂತೆಯ ದಾರಿಯಲ್ಲಿ ಮುಂದುವರಿಯುತ್ತಿತ್ತು. ಮುಂದೆ ಹೊಗೆಸೊಪ್ಪು ಬೇಯಿಸುವ ಕಾಲ ಬಂದಾಗ, ಬ್ಯಾರನ್ನಿನ ಒಲೆಗೆ ರಾತ್ರಿಯಿಡೀ ಸೌದೆ ಒಡ್ಡುತ್ತಾ ಕುಳಿತ ಹಿರಿಯರು ಅದೇ ಕಥೆಯನ್ನು ತಮ್ಮದೇ ಸೇರ್ಪಡೆಗಳೊಂದಿಗೆ ನಮಗೆ ಮತ್ತೆ ಹೇಳುತ್ತಿದ್ದರು. (ಭೂತವೋ ಮನುಷ್ಯನೋ ಎಂಬುದರ ಉತ್ತರವನ್ನು ಇಲ್ಲಿ ಬರೆದು, ಇನ್ನೂ ನೋಡದವರ ಸಂತೋಷ ಕೆಡಿಸಲಾರೆ.)

ಹೆದರಿದೆವೇ? ಖಂಡಿತ ಹೆದರಿದೆವು. ಆದರೆ ಆ ಹೆದರಿಕೆ ಎಲ್ಲರ ನಡುವೆ ಹಂಚಿಹೋಗುತ್ತಿತ್ತು. ನಾಟಕವು ಭಯವನ್ನೂ ಕರುಣೆಯನ್ನೂ ಎಬ್ಬಿಸಿ ಮನಸ್ಸನ್ನು ಹಗುರಗೊಳಿಸುತ್ತದೆ ಎಂದು ಅರಿಸ್ಟಾಟಲ್ ಹೇಳಿದನೆಂಬುದನ್ನು ಮುಂದೆ ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ಕಲಿತೆ. ಅವನು ಕಂಡಿದ್ದ ನಾಟಕ ಊರಿಗೆ ಊರೇ ಬಯಲಿನಲ್ಲಿ ಕೂತು ನೋಡುವಂಥದ್ದು. ಹೊದಿಕೆಯೊಳಗೆ ಒಬ್ಬಂಟಿಯಾಗಿ ನೋಡುವುದನ್ನು ಅವನು ಊಹಿಸಿಯೂ ಇರಲಾರ.

1993ರಲ್ಲಿ ಜೀ ವಾಹಿನಿಯಲ್ಲಿ ರಾಮ್ಸೆ ಸಹೋದರರ ‘ಜೀ ಹಾರರ್ ಶೋ’, 1995ರಲ್ಲಿ ಸೋನಿಯಲ್ಲಿ ಬಿ. ಪಿ. ಸಿಂಗ್ ಅವರ ‘ಆಹಟ್’ ಬಂದವು. ಕೇಬಲ್ ತಂತಿ ಬಂದ ಪೇಟೆಯ ಮನೆಗಳ ಮಕ್ಕಳು ಅವನ್ನು ನೋಡಿದರು. ಕಿರುಗುಟ್ಟುವ ಬಾಗಿಲು, ಬಿಳಿ ಸೀರೆ, ಹಠಾತ್ತನೆ ಮೊಳಗುವ ಸಂಗೀತ. ಅವುಗಳ ಬಗ್ಗೆ ಹೆಚ್ಚು ಹೇಳಲು ನನಗೇನೂ ಇಲ್ಲ. ಹೆದರಿಸುವುದೊಂದೇ ಗುರಿಯಾದಾಗ ವಾರವಿಡೀ ಚರ್ಚಿಸಲು ಏನು ಉಳಿದೀತು?

ನಾನು ನಿಜವಾಗಿ ಹೇಳಬೇಕಾದುದು ಶಕ್ತಿಮಾನನ ವಿಷಯ. 1997ರ ಸೆಪ್ಟೆಂಬರ್ 13ರಂದು ದೂರದರ್ಶನದಲ್ಲಿ ಆರಂಭವಾಗಿ 2005ರವರೆಗೆ ನಡೆದ ಈ ಧಾರಾವಾಹಿಯನ್ನು ಅಂದಿನ ಮಕ್ಕಳು, ಅಂದರೆ ಇಂದಿನ ತಂದೆತಾಯಿಗಳು, ಮರೆತಿರಲಾರರು. ಪತ್ರಿಕಾ ಕಚೇರಿಯಲ್ಲಿ ಪೆದ್ದನಂತೆ ನಟಿಸುವ ಛಾಯಾಗ್ರಾಹಕ ಗಂಗಾಧರನೇ ಆಪತ್ಕಾಲದಲ್ಲಿ ಬುಗುರಿಯಂತೆ ಸುತ್ತುತ್ತಾ ಶಕ್ತಿಮಾನನಾಗಿ ಹಾರಿಬರುತ್ತಿದ್ದ. ಎರಡೂ ಪಾತ್ರ ಮುಖೇಶ್ ಖನ್ನಾ ಅವರದೇ. ಕೆಲಕಾಲದ ಬಳಿಕ ಅದರ ಪ್ರಸಾರ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ನೆಲೆಗೊಂಡಿತು. ನನ್ನ ಕಷ್ಟವೂ ಅಲ್ಲಿಂದಲೇ ಶುರುವಾಯಿತು.

ಆಗ ನಾನು ಹೆಗ್ಗಡದೇವನಕೋಟೆಯ ಕಾಡಂಚಿನ ಒಂದು ಉಪಕೇಂದ್ರಕ್ಕೆ ಪ್ರತಿ ಭಾನುವಾರ ಹೋಗಿಬರುತ್ತಿದ್ದ ಕಿರಿಯ ಗುರು. ದಾರಿ ಕೆಟ್ಟದ್ದರಿಂದ ಬಲಿಪೂಜೆ ಆರಂಭವಾಗುವಾಗಲೇ ಹತ್ತು ದಾಟುತ್ತಿತ್ತು. ಅನಂತರ ಹನ್ನೆರಡೂವರೆಯವರೆಗೆ ಧರ್ಮೋಪದೇಶದ ತರಗತಿ. ಹನ್ನೆರಡಕ್ಕೆ ಐದು ನಿಮಿಷವಿರುವಾಗ ಒಬ್ಬನಿಗೆ ಬಾಯಾರಿಕೆ, ಇನ್ನೊಬ್ಬನಿಗೆ ಹೊಟ್ಟೆನೋವು, ಮೂರನೆಯವನ ಅಜ್ಜಿಗೆ ಕಾಯಿಲೆ! ಹಿಂದಿಯ ಒಂದಕ್ಷರವೂ ಬಾರದ ಆ ಮಕ್ಕಳು ಊರಿನ ಅಂಗಡಿಯವರ ಮನೆಯ ಕಿಟಕಿಗೆ ಜೋತುಬಿದ್ದು ಕಣ್ಣಿನಿಂದಲೇ ಕಥೆಯನ್ನು ಅರ್ಥಮಾಡಿಕೊಳ್ಳುತ್ತಿದ್ದರು. ನನ್ನ ಕನ್ನಡದ ಪಾಠ ಮಾತ್ರ ಅವರಿಗೆ ಅರ್ಥವಾಗುತ್ತಿರಲಿಲ್ಲ. ಕೋಪದಿಂದ ಒಂದು ಭಾನುವಾರ ಪ್ರಬೋಧನೆಯಲ್ಲಿ ತಂದೆತಾಯಿಗಳನ್ನು ಗದರಿಸಿದೆ. ಮುಂದಿನ ವಾರದಿಂದ ತರಗತಿ ಮುಗಿಯುವವರೆಗೆ ಬಾಗಿಲಿಗೆ ಅಗುಳಿ ಹಾಕಿಸಿದೆ. ಮಕ್ಕಳು ಕುಳಿತರು, ನಿಜ. ಎಲ್ಲರ ಕಣ್ಣೂ ಗೋಡೆಯ ಗಡಿಯಾರದ ಮೇಲೆ.

ಆ ವರ್ಷಗಳಲ್ಲೇ, ಶಕ್ತಿಮಾನನನ್ನು ಅನುಕರಿಸಲು ಹೋಗಿ ಮಕ್ಕಳು ಅಪಾಯಕ್ಕೀಡಾದ ವರದಿಗಳು ಪತ್ರಿಕೆಗಳಲ್ಲಿ ಬಂದವು. ಅವನು ಬಂದು ಕಾಪಾಡುವನೆಂದು ನಂಬಿ ಮೇಲಿನಿಂದ ಜಿಗಿದರೆಂದೂ ಬರೆದಿದ್ದರು. ಹಾಗೆ ಮಾಡಬೇಡಿರೆಂದು ಧಾರಾವಾಹಿಯ ನಾಯಕನೇ ತೆರೆಯ ಮೇಲೆ ಮಕ್ಕಳಿಗೆ ತಿಳಿಹೇಳಬೇಕಾಯಿತು. ನನಗೋ ಗೆದ್ದ ಹೆಮ್ಮೆ. ಆ ಪತ್ರಿಕೆಯ ತುಣುಕನ್ನು ಹಿಡಿದೇ ಒಂದು ಪ್ರಬೋಧನೆ ಮಾಡಿದೆ.

ಅದಾದ ಸ್ವಲ್ಪ ದಿನಗಳಲ್ಲಿ, ರಾಗಿ ಹೊಲದ ಕಾವಲಿಗೆಂದು ಮುಸ್ಸಂಜೆಯಲ್ಲಿ ಹೋದ ಆ ಊರಿನ ಒಬ್ಬ ಗೃಹಸ್ಥ ಆನೆಯ ತುಳಿತಕ್ಕೆ ಸಿಕ್ಕಿ ತೀರಿಕೊಂಡ. ಅವನ ಮಗ ನನ್ನ ತರಗತಿಯ ಹುಡುಗ, ಹತ್ತು ವರ್ಷ. ಸಮಾಧಿಯ ಪ್ರಾರ್ಥನೆ ಮುಗಿದು ಜನ ಚದುರುತ್ತಿದ್ದಾಗ ಅವನು ನನ್ನ ನಿಲುವಂಗಿಯನ್ನು ಹಿಡಿದು ನಿಲ್ಲಿಸಿ ಕೇಳಿದ: "ಸ್ವಾಮಿ, ಶಕ್ತಿಮಾನ್ ಸುಳ್ಳು ಅಂತ ನೀವೇ ಹೇಳಿದ್ರಿ. ಯೇಸು ಸ್ವಾಮಿ ನಿಜ ಅಲ್ವಾ? ಮತ್ತೆ ಯಾಕೆ ಬರ್ಲಿಲ್ಲ?"

ಸಂತ ಥಾಮಸ್ ಅಕ್ವಿನಾಸರ ಐದು ಮಾರ್ಗಗಳನ್ನೂ ಬಾಯಿಪಾಠ ಮಾಡಿ ಬಂದಿದ್ದ ನನ್ನ ಬಳಿ ಅವನಿಗೆ ಕೊಡಲು ಒಂದು ವಾಕ್ಯವೂ ಇರಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟು ನಿಂತೆ, ಅಷ್ಟೆ. ಆ ರಾತ್ರಿ ಹಿಂದಿರುಗುವಾಗ ಹೊಳೆದ ವಿಷಯವೇ ಈ ಲೇಖನದ ಮೂಲ. ನಾನು ಗಡಿಯಾರದ ಅರ್ಧ ಗಂಟೆಗಾಗಿ ಜಗಳವಾಡಿದ್ದೆ. ಮಕ್ಕಳ ಮನಸ್ಸಿನಲ್ಲಿ ಬೆಳೆಯುತ್ತಿದ್ದ ದೇವರ ಚಿತ್ರವನ್ನು ನೋಡಿರಲೇ ಇಲ್ಲ. ಅಷ್ಟೇ ಅಲ್ಲ, ಆ ಚಿತ್ರಕ್ಕೆ ಬಣ್ಣ ಹಚ್ಚಿದವರಲ್ಲಿ ನಾವೂ ಇದ್ದೇವೆ. ಯೇಸುವಿನ ಅದ್ಭುತಗಳನ್ನು, ಡೋರ್ನಹಳ್ಳಿಯ ಸಂತ ಅಂತೋಣಿಯವರ ಉಪಕಾರಗಳನ್ನು ಮಕ್ಕಳಿಗೆ ಹೇಳುವಾಗ, ಕರೆದೊಡನೆ ಹಾರಿಬಂದು ಕೈಹಿಡಿಯುವ, ಶಕ್ತಿಮಾನನಿಗಿಂತ ದೊಡ್ಡ ಶಕ್ತಿಮಾನರ ಕಥೆಯಂತೆಯೇ ಹೇಳಿದ್ದೆವಲ್ಲವೇ?

ಶುಭಸಂದೇಶದಲ್ಲಿ ಸೈತಾನನು ಯೇಸುವನ್ನು ದೇವಾಲಯದ ತುತ್ತತುದಿಗೆ ಕರೆದೊಯ್ದು, ಕೆಳಗೆ ಧುಮುಕು, ದೂತರು ಬಂದು ಹಿಡಿಯುತ್ತಾರೆ ಎಂದು ಪುಸಲಾಯಿಸುವ ಪ್ರಸಂಗ ನಿಮಗೆ ಗೊತ್ತು. ತಪಸ್ಸುಕಾಲದಲ್ಲಿ ಅದನ್ನು ಎಷ್ಟೋ ಸಲ ಓದಿದ್ದೇನೆ. ಛಾವಣಿಯಿಂದ ಜಿಗಿದ ಮಕ್ಕಳ ಸುದ್ದಿಯನ್ನೂ ಈ ಪ್ರಸಂಗವನ್ನೂ ಜೊತೆಗಿಟ್ಟು ಯೋಚಿಸಿದುದು ಮಾತ್ರ ಅಂದೇ ಮೊದಲು. ಕ್ರಿಸ್ತನು ಧುಮುಕಲಿಲ್ಲ. ಶಿಲುಬೆಯಿಂದ ಇಳಿದು ಬಾ ಎಂದು ಜನ ಹಂಗಿಸಿದಾಗ ಇಳಿಯಲೂ ಇಲ್ಲ. ಹಾರಿಬಂದು ಅಪಾಯವನ್ನು ತಪ್ಪಿಸುವ ನಾಯಕನಾಗಲು ಅವನು ಎರಡು ಬಾರಿ ಒಲ್ಲೆನೆಂದ.

ಇನ್ನೊಂದು ಮಾತು. ಶಕ್ತಿಮಾನನ ಶತ್ರು ತಮರಾಜ ಕಿಲ್ವಿಷ್ ಕತ್ತಲೆಯ ರಾಜ. ಕತ್ತಲೆ ಶಾಶ್ವತವಾಗಿರಲಿ ಎಂಬುದೇ ಅವನ ಘೋಷಣೆ. ಕೆಡುಕು ಬೆಳಕಿಗೆ ಸಮಬಲವಾದ ಮತ್ತೊಂದು ರಾಜ್ಯ ಎಂಬ ಈ ಕಲ್ಪನೆ ಹೊಸದಲ್ಲ. ತರುಣ ಅಗಸ್ಟೀನರು ಸುಮಾರು ಒಂಬತ್ತು ವರ್ಷ ಹಿಂಬಾಲಿಸಿದ ಮಾನಿಕೇಯ ಪಂಥದ ಬೋಧನೆಯೂ ಇದೇ ಜಾಡಿನದು. ಕೆಡುಕಿಗೆ ಸ್ವಂತ ಸತ್ತ್ವವಿಲ್ಲ, ಅದು ಒಳಿತಿನ ಕೊರತೆ ಎಂದು ಅವರು ಕಂಡುಕೊಂಡದ್ದು ಆಮೇಲೆ. ಇದು ಪಂಡಿತರ ಚರ್ಚೆಯೆಂದು ತಳ್ಳಿಹಾಕಬೇಡಿ. ಆ ಹುಡುಗನ ತಂದೆಯನ್ನು ಕೊಂದದ್ದು ಕಿಲ್ವಿಷನಲ್ಲ. ಹಸಿದ ಒಂದು ಪ್ರಾಣಿ. 1970ರ ದಶಕದಲ್ಲಿ ಕಬಿನಿ ಜಲಾಶಯಕ್ಕೆ ಕಾಡೂ ಹಳ್ಳಿಗಳೂ ಮುಳುಗಿದ ನಾಡಿದು. ಆನೆಗೂ ನೆಲ ಸಾಲದು, ರೈತನಿಗೂ ಸಾಲದು. ಇಲ್ಲಿ ಗುದ್ದಿ ಉರುಳಿಸಲು ಖಳನಾಯಕನಿಲ್ಲ. ಖಳನಾಯಕನಿಲ್ಲದ ದುಃಖವನ್ನು ಏನು ಮಾಡಬೇಕೆಂದು ಶಕ್ತಿಮಾನನ ಕಥೆ ಹೇಳಿಕೊಡುವುದಿಲ್ಲ.

ಹಾಗೆಂದು ಆ ಧಾರಾವಾಹಿಯನ್ನು ನಾನಿಂದು ದೂಷಿಸುವುದಿಲ್ಲ. ಸುಳ್ಳು ಹೇಳಬೇಡಿ, ಹಿರಿಯರನ್ನು ಗೌರವಿಸಿ ಎಂದು ಕಂತಿನ ಕೊನೆಯಲ್ಲಿ ಅದು ಹೇಳುತ್ತಿದ್ದ ಬುದ್ಧಿಮಾತುಗಳು ನನ್ನ ತರಗತಿಗಿಂತ ಚೆನ್ನಾಗಿ ನಾಟಿದವೆಂದು ಕೆಲವರು ಈಗ ನಗುತ್ತಾ ಹೇಳುತ್ತಾರೆ. 2020ರ ಲಾಕ್‌ಡೌನ್ ದಿನಗಳಲ್ಲಿ ದೂರದರ್ಶನ ಅದನ್ನು ಮರುಪ್ರಸಾರ ಮಾಡಿದಾಗ, ದೇವಾಲಯದ ಬಾಗಿಲೂ ಮುಚ್ಚಿದ್ದ ಆ ಕಾಲದಲ್ಲಿ, ನಾನೂ ಒಂದೆರಡು ಕಂತು ನೋಡಿದೆ. ಈ ಬಾರಿ ಅಗುಳಿ ನನ್ನ ಬಾಗಿಲಿಗೇ ಬಿದ್ದಿತ್ತು.

ವಿದೇಶಗಳ ಕಥೆಗಾರರು ಈಗ ನಮ್ಮ ಅಂಗಳಕ್ಕೇ ಬಂದಿದ್ದಾರೆ. ಕಾಲೇಜು ಓದುವ ತರುಣನೊಬ್ಬ ನನಗೆ 2015ರ ‘ಡೇರ್‌ಡೆವಿಲ್’ ತೋರಿಸಿದ. ಅದರ ನಾಯಕ ಅಂಧ ವಕೀಲ, ಕಥೋಲಿಕ. ಮೊದಲ ಕಂತಿನಲ್ಲೇ ಪಾಪನಿವೇದನೆಗೆ ಹೋಗಿ, ಮುಂದೆ ಮಾಡಲಿರುವ ಪಾಪಕ್ಕೆ ಕ್ಷಮೆ ಕೇಳುತ್ತಾನೆ. (ಅಂಥ ಮುಂಗಡ ಕ್ಷಮೆಗೆ ಅವಕಾಶವಿಲ್ಲವೆಂದು ಆ ತರುಣನಿಗೆ ಹೇಳಬೇಕಾಯಿತು.) 2021ರ ‘ಮಿಡ್‌ನೈಟ್ ಮಾಸ್’ ಎಂಬ ಭಯಾನಕ ಧಾರಾವಾಹಿಯಲ್ಲಿ ರಕ್ತಪಿಪಾಸುವೊಂದನ್ನು ದೇವದೂತನೆಂದು ತಪ್ಪಾಗಿ ತಿಳಿಯುವವನು ಒಬ್ಬ ಧರ್ಮಗುರು. ನೋಡಿ ಮುಜುಗರವಾಯಿತು, ಅಲ್ಲಗಳೆಯಲು ಮಾತ್ರ ಆಗಲಿಲ್ಲ. ಮೃತ್ಯುವಿಲ್ಲದ ಬದುಕನ್ನು ಪವಾಡವೆಂದು ಭ್ರಮಿಸುವ ಆಸೆ ಗುರುಗಳಿಗೂ ಇದೆ. ಆದರೆ ಆ ಏಳು ಕಂತುಗಳೂ ಒಂದೇ ದಿನ ಬಿಡುಗಡೆಯಾದವು. ಯೋಚಿಸಲು, ಇನ್ನೊಬ್ಬರನ್ನು ಕೇಳಲು, ಬೆಳಕಿನಲ್ಲಿ ಒಮ್ಮೆ ನಗಲು ನಡುವೆ ವಾರವೇ ಇಲ್ಲ. ನನ್ನ ಆಕ್ಷೇಪವೇನಿದ್ದರೂ ಇದಕ್ಕೆ.

ಆದ್ದರಿಂದ ಆ ತಾಯಿಗೆ ನಾನು ಹೇಳಿದ್ದು ಇಷ್ಟು: ಧಾರಾವಾಹಿಯನ್ನು ನಿಲ್ಲಿಸಬೇಡಿ; ವಾರಕ್ಕೆ ಒಂದೇ ಕಂತು, ಶನಿವಾರ ಸಂಜೆ ಜಪಸರ ಮುಗಿದ ಮೇಲೆ, ನಡುಮನೆಯ ಟಿವಿಯಲ್ಲಿ, ಮನೆಮಂದಿಯೆಲ್ಲ ಕೂತು ನೋಡಿ. ಮಗುವಿಗೆ ಒಪ್ಪದ ಕಥೆಯಾದರೆ ಅದು ಮೊದಲ ಕಂತಿನಲ್ಲೇ ನಿಮಗೆ ಗೊತ್ತಾಗುತ್ತದೆ. ತಂದೆಗೆ ಈ ಮಾತು ಅಷ್ಟಾಗಿ ರುಚಿಸಲಿಲ್ಲ. ಗುರುಗಳು ಬೈಯಲಿ ಎಂದು ಕರೆಸಿದರೆ ದೆವ್ವ ನೋಡಲು ಹೇಳುತ್ತಾರಲ್ಲ ಎಂದುಕೊಂಡಿರಬೇಕು.

ಕಳೆದ ಶನಿವಾರ ನಾನೂ ಹೋಗಿದ್ದೆ. ಕಂತು ರೋಚಕವಾದ ಕಡೆಯಲ್ಲೇ ನಿಂತಿತು. ಹುಡುಗ, "ಇನ್ನೊಂದೇ ಒಂದು" ಎಂದು ಅಂಗಲಾಚಿದ. ಮೂಲೆಯಲ್ಲಿ ಎಲೆಯಡಿಕೆ ಜಗಿಯುತ್ತಾ ಕುಳಿತಿದ್ದ ಅಜ್ಜಿ, "ನಂಗೂ ತಿಳ್ಕಬೇಕು ಕಣ್ಲಾ, ಆ ಹೆಂಗ್ಸು ಸತ್ತೋಳೋ ಬದುಕಿರೋಳೋ ಅಂತ. ಬರೋ ಶನಿವಾರ್ದ ಗಂಟ ನಾನೇ ಕಾಯ್ತೀನಂತೆ, ನಿಂಗೇನು?" ಎಂದರು. ಬಳಿಕ ಅಜ್ಜಿ ಮೊಮ್ಮಗ ಇಬ್ಬರೂ ಆ ಹೆಂಗಸಿನ ವಿಷಯವಾಗಿ ವಾದಕ್ಕಿಳಿದರು; ನಾನು ಕಾಫಿ ಕುಡಿದು ಹೊರಟಾಗಲೂ ಅದು ಮುಗಿದಿರಲಿಲ್ಲ. ತಾಯಿತದ ಮಾತು ಆ ಮನೆಯಲ್ಲಿ ಮತ್ತೆ ಬಂದಿಲ್ಲ. ಹಿತ್ತಿಲಿಗೆ ಹೋಗುವಾಗ ಟಾರ್ಚು ಮಾತ್ರ ಇನ್ನೂ ಬೇಕಂತೆ.