ಹನ್ನೊಂದು ಸಾಲಿನ ಸಾಲ

ನೆರೆಮನೆಯಿಂದ ಒಂದು ಚಮಚ ಹೆಪ್ಪು ಮಜ್ಜಿಗೆ ತರುವುದು ನಮ್ಮ ಸಂಸಾರಗಳಲ್ಲಿ ಹೊಸತೇನಲ್ಲ. ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯುವವರದೂ ಇದೇ ಪದ್ಧತಿಯೆಂದರೆ ವಾಚಕರು ನಗಬಹುದು. ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು, ನೂರು ಕಡತಗಳ ಹೆಸರನ್ನು ಒಮ್ಮೆಗೇ ಬದಲಿಸುವುದು, ಹಳೆಯ ‘ನುಡಿ’ ಬರಹವನ್ನು ಯೂನಿಕೋಡಿಗೆ ತಿರುಗಿಸುವುದು, ಇಂಥ ಚಿಲ್ಲರೆ ಕೆಲಸಗಳಿಗೆ ಒಬ್ಬನು ಬರೆದಿಟ್ಟ ನಾಲ್ಕು ಸಾಲನ್ನು ನೂರು ಮಂದಿ ಎತ್ತಿಕೊಳ್ಳುತ್ತಾರೆ. ಹಿಂದಿರುಗಿಸಬೇಕಾದುದೂ ಇಲ್ಲ.

ಈ ವಾಡಿಕೆ ಗಣಕದಷ್ಟೇ ಹಳೆಯದು. 1944ರಲ್ಲಿ ಹಾರ್ವರ್ಡಿನ ಮಾರ್ಕ್-1 ಯಂತ್ರದ ಬಳಿಗೆ ಬಂದ ಗ್ರೇಸ್ ಹಾಪರ್ ಅವರೂ ಅವರ ಸಹೋದ್ಯೋಗಿಗಳೂ ಉಪಯುಕ್ತವಾದ ತುಣುಕುಗಳನ್ನು ನೋಟುಬುಕ್ಕುಗಳಲ್ಲಿ ಬರೆದಿಟ್ಟು, ಒಬ್ಬರದನ್ನೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. ನಕಲಿನಲ್ಲಿ ಇಂಗ್ಲಿಷಿನ ‘ಬಿ’ ಅಕ್ಷರವು 13 ಆಗಿ ಕುಳಿತುಬಿಡುತ್ತಿತ್ತಂತೆ. ಓಲೆಗರಿಯ ಪ್ರತಿಗಳಲ್ಲಿ ವಕಾರವು ಪಕಾರವಾಗಿ ಅರ್ಥವೇ ಕೆಡುವುದನ್ನು ಕಂಡ ಕನ್ನಡದ ಮೇಷ್ಟರಿಗೆ ಇದನ್ನು ಕೇಳಿ ಒಳಗೊಳಗೇ ಒಂದು ಬಗೆಯ ಸಮಾಧಾನ!

ಕೇಂಬ್ರಿಜ್ಜಿನವರು ಇದಕ್ಕೊಂದು ಉಪಾಯ ಹೂಡಿದರು. 1949ರಲ್ಲಿ ಕೆಲಸಕ್ಕೆ ತೊಡಗಿದ ಅವರ ಎಡ್ಸಾಕ್ ಯಂತ್ರಕ್ಕಾಗಿ ವಿಲ್ಕ್ಸ್, ವೀಲರ್, ಗಿಲ್ ಎಂಬ ಮೂವರು ಸಣ್ಣ ತುಣುಕುಗಳ ಭಂಡಾರವನ್ನೇ ಕಟ್ಟಿದರು. ರಂಧ್ರ ಕೊರೆದ ಕಾಗದದ ಪಟ್ಟಿಗಳು ಉಕ್ಕಿನ ಬೀರುವಿನಲ್ಲಿರುತ್ತಿದ್ದವು. ಬೇಕಾದುದನ್ನು ಯಂತ್ರದಿಂದಲೇ ನಕಲು ತೆಗೆಯುತ್ತಿದ್ದರು. 1951ರ ವೇಳೆಗೆ ಅಂಥವು 87 ಆಗಿದ್ದವು. ಬೀರು ಕಣ್ಣೆದುರಿಗಿತ್ತು, ಬರೆದವರು ಪಕ್ಕದ ಕೋಣೆಯವರಾಗಿದ್ದರು.

ಇಂದಿನ ಬೀರು ಜಗತ್ತಿನಷ್ಟು ಅಗಲ. ಜಾವಾಸ್ಕ್ರಿಪ್ಟ್ ಭಾಷೆಯವರ ಅಂಥದೊಂದು ಭಂಡಾರಕ್ಕೆ ಎನ್‌ಪಿಎಂ ಎಂದು ಹೆಸರು. ಅಲ್ಲಿ ‘ಲೆಫ್ಟ್-ಪ್ಯಾಡ್’ ಎಂಬ ಹನ್ನೊಂದೇ ಸಾಲಿನ ತುಣುಕೊಂದಿತ್ತು. ಅದರ ಕೆಲಸ ಇಷ್ಟೆ: ಅಕ್ಷರಮಾಲೆಯೊಂದು ಗಿಡ್ಡವಾಗಿದ್ದರೆ ಎಡಗಡೆಗೆ ಸೊನ್ನೆಯನ್ನೋ ಖಾಲಿ ಜಾಗವನ್ನೋ ತುಂಬಿ ಉದ್ದ ಸರಿಪಡಿಸುವುದು. 7 ಎಂಬುದನ್ನು 007 ಮಾಡುವುದು. ಪರೀಕ್ಷೆಯ ನಂಬರು ಬರೆಯುವ ಗುಮಾಸ್ತೆ ಮಾಡುವ ಕೆಲಸ.

ಇದನ್ನು ಬರೆದ ಅಜರ್ ಕೊಚುಲು ಎಂಬವರು ‘ಕಿಕ್’ ಎಂಬ ಮತ್ತೊಂದು ಕೃತಿಯನ್ನೂ ಅಲ್ಲಿರಿಸಿದ್ದರು. ಅದೇ ಹೆಸರಿನ ಕಂಪೆನಿಯೊಂದು ಹೆಸರು ಬಿಟ್ಟುಕೊಡಿರೆಂದು ಕೇಳಿತು, ಇವರು ಒಪ್ಪಲಿಲ್ಲ. ಭಂಡಾರದವರು ಹೆಸರನ್ನು ಕಂಪೆನಿಗೆ ವಹಿಸಿದರು. ಮನನೊಂದ ಕೊಚುಲು 2016ರ ಮಾರ್ಚ್ 22ರಂದು ತಮ್ಮ ಕೃತಿಗಳೆಲ್ಲವನ್ನೂ ಹಿಂತೆಗೆದುಕೊಂಡರು. ಅವುಗಳ ನಡುವೆ ಆ ಹನ್ನೊಂದು ಸಾಲೂ ಹೋಯಿತು.

ಹೋದರೆ ಹೋಗಲಿ ಎನ್ನುವಂತಿರಲಿಲ್ಲ. ಒಬ್ಬರ ಕೃತಿಯನ್ನು ಇನ್ನೊಬ್ಬರು, ಅವರದನ್ನು ಮತ್ತೊಬ್ಬರು ನೆಚ್ಚಿದ್ದರು. ಪ್ರತಿಸಲ ಹೊಸದಾಗಿ ಕಟ್ಟುವಾಗಲೂ ತುಣುಕುಗಳು ಭಂಡಾರದಿಂದಲೇ ಬರಬೇಕಿತ್ತು. ‘ಬೇಬೆಲ್’ ಎಂಬ ಪ್ರಸಿದ್ಧ ಸಾಧನವೂ ಈ ಸರಪಣಿಯಲ್ಲಿತ್ತು. ಲೆಫ್ಟ್-ಪ್ಯಾಡ್ ಎಂಬ ಹೆಸರನ್ನೇ ಕೇಳದವರ ಕೆಲಸವೂ ಅಂದು ನಿಂತಿತು. ಭಂಡಾರದವರು ಕೆಲವೇ ಗಂಟೆಗಳಲ್ಲಿ, ಕರ್ತೃವಿನ ಮಾತು ಮೀರಿ, ತುಣುಕನ್ನು ಮರಳಿ ಇರಿಸಿದರು. ಹಿಂತೆಗೆಯುವ ನಿಯಮವನ್ನೂ ಬಿಗಿ ಮಾಡಿದರು.

ನ್ಯಾಯ ಯಾರ ಕಡೆಗೆ? ಧರ್ಮಕ್ಕೆ ಕೊಟ್ಟವನು ತನ್ನದನ್ನು ಹಿಂದಕ್ಕೆ ಪಡೆದರೆ ಅದನ್ನು ಕಳವೆನ್ನಲಾಗದು. ಹಾಗೆಂದು, ಊರಿನವರೆಲ್ಲ ನೀರು ಸೇದುವ ಬಾವಿಯನ್ನು ತೋಡಿಸಿದವನು ಮುನಿದು ಮುಚ್ಚಿಸುವುದನ್ನು ಒಪ್ಪುವುದೂ ಕಷ್ಟ. ನನ್ನ ಒಲವು ಕೊಚುಲು ಅವರ ಕಡೆಗೇ. ಬೇಕಿದ್ದವರು ಹನ್ನೊಂದು ಸಾಲನ್ನು ತಮ್ಮ ಮನೆಯಲ್ಲೇ ಬರೆದಿಟ್ಟುಕೊಳ್ಳಬಹುದಿತ್ತಲ್ಲ!

2017ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯೇ ಈ ಸೌಕರ್ಯವನ್ನು ‘ಪ್ಯಾಡ್‌ಸ್ಟಾರ್ಟ್’ ಎಂಬ ಹೆಸರಿನಲ್ಲಿ ತನ್ನೊಳಗೆ ಸೇರಿಸಿಕೊಂಡಿತು. ಲೆಫ್ಟ್-ಪ್ಯಾಡನ್ನು ಬಳಸಬೇಡಿರೆಂದು ಭಂಡಾರದಲ್ಲಿ ಸೂಚನೆಯೂ ಉಂಟು. ಇಳಿಸಿಕೊಳ್ಳುವವರು ಈಗಲೂ ಇಳಿಸಿಕೊಳ್ಳುತ್ತಲೇ ಇದ್ದಾರೆ.