ರೂಮಲ್ಲ ಸ್ವಾಮಿ, ಊರು ನೋಡಿ

ಮಾಲ್‌ನಲ್ಲಿ ಲಕ್ಕಿ ಡ್ರಾ ಚೀಟಿ ತುಂಬಿದ ತಪ್ಪಿಗೆ ಮೊನ್ನೆ ನಾವಿಬ್ಬರೂ ಒಂದು ಹೋಟೆಲಿನಲ್ಲಿ ಕೂತು ಎರಡು ಗಂಟೆ ಟೈಮ್‌ಶೇರ್ ಪ್ರವಚನ ಕೇಳಿದೆವು. ಕೊಡಗಿನ ಗುಡ್ಡದ ಮೇಲಿನ ರೆಸಾರ್ಟಿನಲ್ಲಿ ವರ್ಷಕ್ಕೊಂದು ವಾರ, 25 ವರ್ಷ. ಈಜುಕೊಳ ತೋರಿಸಿದರು, ಸ್ಪಾ ತೋರಿಸಿದರು. ‘2018ರ ಆಗಸ್ಟಲ್ಲಿ ಅಲ್ಲಿ ಹೇಗಿತ್ತು?’ ಅಂದೆ. ಹುಡುಗ ಸ್ಲೈಡ್ ಬದಲಿಸಿದ.

ಆ ತಿಂಗಳು ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಜಾರಿದವು. ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆಯಿತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. ಬ್ರೋಷರಿನಲ್ಲಿ ಇದ್ಯಾವುದೂ ಇರೋಲ್ಲ, ಸರಿ. ನಾವೂ ಕೇಳೋಲ್ಲವಲ್ಲ, ನನ್ನ ತಕರಾರು ಅದು. 11 ತಿಂಗಳ ಬಾಡಿಗೆ ಕರಾರಿಗೆ ‘ಕಾವೇರಿ ನೀರು ಬರುತ್ತಾ, ಮಳೆ ಬಂದ್ರೆ ರಸ್ತೆ ಮುಳುಗುತ್ತಾ’ ಅಂತ ಹತ್ತು ಸಲ ವಿಚಾರಿಸೋ ಬೆಂಗಳೂರಿಗರು, 25 ವರ್ಷಕ್ಕೆ ಲಕ್ಷಗಟ್ಟಲೆ ಸುರಿಯೋವಾಗ ಬಾಯಿಗೆ ಬೀಗ ಹಾಕಿಕೊಳ್ತೀವಿ!

ಹೋಟೆಲು ಹಿಡಿಸದಿದ್ರೆ ಮುಂದಿನ ವರ್ಷ ಬೇರೆ ಊರು ನೋಡಬಹುದು. ಇಲ್ಲಿ ಹಾಗಲ್ಲ. ನಮಗೆ ಕೊಟ್ಟ ಕರಾರಿನ ಪ್ರಕಾರ, ನಾವು ಹೋಗದ ವರ್ಷವೂ ಮೇಂಟೆನೆನ್ಸ್ ಕಟ್ಟಲೇಬೇಕು.

ಅದಕ್ಕೇ, ಸಹಿ ಹಾಕೋ ಮುಂಚೆ ಒಂದ್ಸಲ ಜುಲೈನಲ್ಲಿ ಹೋಗಿ. ಗೇಟು ದಾಟಿ ಹೊರಗೆ ಬನ್ನಿ. ಗುಡ್ಡ ಕಡಿದು ಕಟ್ಟಿದ್ದಾರಾ, ಆಸ್ಪತ್ರೆ ಎಷ್ಟು ದೂರ, ನೋಡಿ. ಬೇಸಿಗೆಯಲ್ಲಿ ಬಾವಿಗಳಲ್ಲಿ ನೀರಿರುತ್ತಾ ಅಂತ ಟೀ ಅಂಗಡಿಯವರನ್ನ ಕೇಳಿ. ರೆಸಾರ್ಟಿನ ಈಜುಕೊಳ ತುಂಬಿ, ಪಕ್ಕದ ಮನೆಯ ಕೊಡ ಖಾಲಿಯಿದ್ರೆ ಆ ಊರು ನಿಮ್ಮನ್ನ 25 ವರ್ಷ ಸಹಿಸೋಲ್ಲ. ಯಾಕೆ ಸಹಿಸಬೇಕು?