ಪ್ರಸನ್ನ ಇಂಜಿನಿಯರಿಂಗ್ ಮುಗಿಸಿದ್ದು

ಮೊನ್ನೆ ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಗೆ ಹೋಗಿದ್ದಾಗ ಪರಿಚಯದ ರೇಷ್ಮೆ ಬೆಳೆಗಾರರೊಬ್ಬರು ತಮ್ಮ ಮಗನನ್ನು ನನ್ನ ಮುಂದೆ ತಂದು ನಿಲ್ಲಿಸಿದರು. ಹುಡುಗ ಎರಡನೇ ಪಿಯುಸಿ. 'ಸಾರ್, ಇವನಿಗೆ ಒಸಿ ಬುದ್ಧಿ ಹೇಳಿ. ಹೊತ್ತು ಮುಳುಗೋ ತನಕ ಬಾಲು, ಬಾಲು! ಬಾಲು ಎಸೆದ್ರೆ ಅನ್ನ ಹುಟ್ಟುತ್ತಾ? ವಿಶ್ವೇಶ್ವರಯ್ಯನೋರು ಹುಟ್ಟಿದ ಜಿಲ್ಲೆ ಸಾರ್ ಇದು' ಎಂದರು.

ಬುದ್ಧಿ ಹೇಳುವ ಕೆಲಸ ನನಗೆ ಬಾರದು. ಹುಡುಗ ಆಫ್ ಸ್ಪಿನ್ ಹಾಕುತ್ತಾನೆಂದು ತಿಳಿದದ್ದರಿಂದ ಎರಪಳ್ಳಿ ಪ್ರಸನ್ನ ಅವರ ಕಥೆ ಹೇಳಿದೆ.

ಪ್ರಸನ್ನ ಬೆಂಗಳೂರಿನವರು, ಹುಟ್ಟಿದ್ದು 1940ರಲ್ಲಿ. ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್‌ನಲ್ಲಿ ಓದುತ್ತಿದ್ದಾಗಲೇ, 1962ರ ಜನವರಿಯಲ್ಲಿ, ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿದರು. ಆ ಬಳಿಕ ವೆಸ್ಟ್ ಇಂಡೀಸ್ ಪ್ರವಾಸ. ಅಲ್ಲಿ ಆಡಲು ಸಿಕ್ಕಿದ್ದು ಒಂದೇ ಟೆಸ್ಟ್. ಅದೇ ಸುಮಾರಿಗೆ ತಂದೆ ತೀರಿಕೊಂಡರು. ಊರಿಗೆ ಬಂದ ಹುಡುಗ ದೊಡ್ಡ ಕ್ರಿಕೆಟ್ಟನ್ನು ಬದಿಗಿಟ್ಟು ಪುಸ್ತಕ ಹಿಡಿದ. ಮುಂದಿನ ಟೆಸ್ಟ್ ಆಡಿದ್ದು 1967ರ ಜನವರಿಯಲ್ಲಿ!

ನಡುವೆ ಹೋದದ್ದು ಸುಮಾರು ಐದು ವರ್ಷ. ಇಪ್ಪತ್ತೆರಡರಿಂದ ಇಪ್ಪತ್ತಾರರವರೆಗಿನ ವಯಸ್ಸು ಆಟಗಾರನಿಗೆ ಎಷ್ಟು ದೊಡ್ಡದೆಂದು ಆಡಿದವರಿಗೇ ಗೊತ್ತು. 'ಓದೂ ಆಯಿತು, ಆಟವೂ ಆಯಿತು, ನಷ್ಟವೇನಿಲ್ಲ' ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಷ್ಟ ಆಗಿತ್ತು. ಮರಳಿ ಕರೆಯುತ್ತಾರೆಂದು ಯಾರೂ ಬರೆದುಕೊಟ್ಟಿರಲಿಲ್ಲ.

ಮರಳಿ ಬಂದವರು ಏನು ಮಾಡಿದರು ನೋಡಿ. 1967-68ರ ಪ್ರವಾಸದಲ್ಲಿ ಆಸ್ಟ್ರೇಲಿಯದಲ್ಲಿ 25 ವಿಕೆಟ್, ನ್ಯೂಜಿಲೆಂಡ್‌ನಲ್ಲಿ 24. ಭಾರತ ಹೊರದೇಶದಲ್ಲಿ ಗೆದ್ದ ಮೊಟ್ಟಮೊದಲ ಟೆಸ್ಟ್ ಸರಣಿ ಆ ನ್ಯೂಜಿಲೆಂಡ್ ಸರಣಿ. ಇಪ್ಪತ್ತೇ ಟೆಸ್ಟ್‌ಗಳಲ್ಲಿ ನೂರು ವಿಕೆಟ್ ಮುಟ್ಟಿದ ಅವರ ಭಾರತೀಯ ದಾಖಲೆ 2013ರಲ್ಲಿ ಅಶ್ವಿನ್ ಮುರಿಯುವವರೆಗೆ ಉಳಿದಿತ್ತು. ಒಟ್ಟು 49 ಟೆಸ್ಟ್, 189 ವಿಕೆಟ್. ಸತತ ಹದಿನೈದು ವರ್ಷ ಮುಂಬಯಿಯ ಕೈಯಲ್ಲಿದ್ದ ರಣಜಿ ಟ್ರೋಫಿಯನ್ನು 1973-74ರಲ್ಲಿ ಕರ್ನಾಟಕ ಗೆದ್ದಾಗ ನಾಯಕರೂ ಅವರೇ.

ಅವರ ಆಯುಧ ಚೆಂಡಿನ ಹಾರಾಟ. ಚೆಂಡಿಗೆ ಮುಮ್ಮುಖವಾಗಿ ತಿರುಗು ಕೊಟ್ಟರೆ ಗಾಳಿ ಅದನ್ನು ಕೆಳಕ್ಕೆ ಒತ್ತುತ್ತದೆ. ಬ್ಯಾಟ್ಸ್‌ಮನ್ ಮುಂದಕ್ಕೆ ಹೆಜ್ಜೆ ಇಟ್ಟಾಗ, ಚೆಂಡು ಅವನು ಎಣಿಸಿದ್ದಕ್ಕಿಂತ ಒಂದು ಮೊಳ ಹಿಂದೆಯೇ ಬಿದ್ದಿರುತ್ತದೆ! ಭೌತಶಾಸ್ತ್ರದಲ್ಲಿ ಇದಕ್ಕೆ ಮ್ಯಾಗ್ನಸ್ ಪರಿಣಾಮ ಎನ್ನುತ್ತಾರೆ. ಹುಡುಗ ಮೊದಲ ಬಾರಿಗೆ ತಲೆ ಎತ್ತಿದ್ದು ಇಲ್ಲಿ.

'ಅವರು ಆಟಗಾರರು ಸಾರ್. ಪಾಠ ಹೇಳೋ ಮೇಷ್ಟ್ರು ಯಾರಾದ್ರೂ ಆಡ್ತಾರಾ?' ಎಂದು ತಂದೆ ಪಟ್ಟು ಬಿಡಲಿಲ್ಲ. ಆಡುತ್ತಾರೆ ಎಂದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬರ್ನಾರ್ಡ್ ನೀಲ್ ಎಂಬ ಸಿವಿಲ್ ಇಂಜಿನಿಯರಿಂಗ್ ಪ್ರಾಧ್ಯಾಪಕರಿದ್ದರು. ಉಕ್ಕಿನ ತೊಲೆ ಕುಸಿಯುವ ಮುನ್ನ ಎಷ್ಟು ಭಾರ ತಾಳುತ್ತದೆ ಎಂಬ ಲೆಕ್ಕದಲ್ಲಿ ದೊಡ್ಡ ಹೆಸರು. ಅವರ ಆಟ ಕ್ರೋಕೆ. ಹುಲ್ಲಿನ ಅಂಗಳದಲ್ಲಿ ಮರದ ಸುತ್ತಿಗೆಯಿಂದ ಚೆಂಡನ್ನು ಹೊಡೆದು, ನೆಲಕ್ಕೆ ನೆಟ್ಟ ಕಬ್ಬಿಣದ ಕಮಾನುಗಳೊಳಗೆ ತೂರಿಸುವ ಆಟ. ವಿಂಬಲ್ಡನ್ ಕ್ಲಬ್ 1868ರಲ್ಲಿ ಹುಟ್ಟಿದ್ದು ಈ ಆಟಕ್ಕಾಗಿಯೇ. ಟೆನಿಸ್ ಬಂದದ್ದು ಆಮೇಲೆ. ಆ ಕ್ಲಬ್ಬಿನ ಕ್ರೋಕೆ ಚಾಂಪಿಯನ್ ಪಟ್ಟವನ್ನು ನೀಲ್ ಗೆದ್ದದ್ದು 38 ಬಾರಿ. ನಮ್ಮವರ ಮಾತೇ ಬೇಕೆಂದರೆ, ಅನಿಲ್ ಕುಂಬ್ಳೆ ಬೆಂಗಳೂರಿನಲ್ಲಿ, ಜಾವಗಲ್ ಶ್ರೀನಾಥ್ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವರು.

ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. 'ಆ ಐದು ವರ್ಷ ಆಡಿದ್ರೆ ಇನ್ನೆಷ್ಟು ವಿಕೆಟ್ ತಗೋತಿದ್ರೋ' ಎಂದರು. ಇದನ್ನು ಹುಡುಗ ಕೇಳುತ್ತಾನೆಂದುಕೊಂಡಿದ್ದೆ, ಕೇಳಿದ್ದು ಅಪ್ಪ. ನನ್ನ ಬಳಿ ಉತ್ತರವಿರಲಿಲ್ಲ.

ಹೊರಡುವಾಗ, 'ಸಂಜೆ ಒಂದು ಗಂಟೆ ಆಡಲಿ ಬಿಡಿ' ಎಂದೆ. ಅಪ್ಪ 'ಅರ್ಧ ಗಂಟೆ' ಎಂದರು. ಮಗ 'ಒಂದೂವರೆ' ಎಂದ. ಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಹಾಗೆ ಇಬ್ಬರೂ ಕೂಗಾಡುತ್ತಿದ್ದಾಗ ನನ್ನ ಬಸ್ಸು ಬಂತು.